ಪಿ.ಬಿ. ರಸ್ತೆಯ ‘ಪಿ’ ಮರೆಯಬೇಡಿ: ವಿಮಾನಯಾನ ಸಚಿವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ ಹಾಗೂ ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಸಚಿವರಿಗೆ,

ದಾವಣಗೆರೆಯ ಚೌಕಿಪೇಟೆಯಿಂದ ಒಬ್ಬ ಜವಳಿ ವ್ಯಾಪಾರಿಯ ನಮಸ್ಕಾರಗಳು.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೇರೆ ಬೇರೆ ಬರೆದರೆ ದೆಹಲಿಯವರು ‘ಜಾಗ ಕೊಡಬೇಕಾದದ್ದು ರಾಜ್ಯ’ ಎನ್ನುತ್ತಾರೆ, ಬೆಂಗಳೂರಿನವರು ‘ಮಾರ್ಗ ಕೊಡಬೇಕಾದದ್ದು ಕೇಂದ್ರ’ ಎನ್ನುತ್ತಾರೆ. ಒಂದೇ ಕಾಗದವನ್ನು ಇಬ್ಬರೂ ಓದಿದರೆ ಆ ಮಾತಿಗೆ ಎಡೆ ಇರುವುದಿಲ್ಲ.

ದಾವಣಗೆರೆಗೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿ ನನ್ನ ಅಂಗಡಿಯ ಗಲ್ಲಾದ ಮೇಲೆ ಎಷ್ಟು ಸಲ ಬಂದು ಹೋಗಿದೆಯೋ ಲೆಕ್ಕವಿಲ್ಲ. ಪತ್ರಿಕೆ ಹಿಡಿದು ಬರುವವರು ‘ಎಷ್ಟು ಎಕರೆ’, ‘ಯಾವ ಊರಿನ ಹತ್ತಿರ’, ‘ಜಮೀನಿನ ದರ ಎಷ್ಟಕ್ಕೆ ಏರಿತು’ ಎಂದೆಲ್ಲ ಮಾತನಾಡುತ್ತಾರೆ. ‘ಅಲ್ಲಿಂದ ವಿಮಾನ ಎಲ್ಲಿಗೆ ಹೋಗುತ್ತದೆ’ ಎಂದು ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ. ಎಲ್ಲರ ಮನಸ್ಸಿನಲ್ಲಿ ಉತ್ತರ ಮೊದಲೇ ಕೂತಿರುತ್ತದೆ: ಇನ್ನೆಲ್ಲಿಗೆ, ಬೆಂಗಳೂರಿಗೆ.

ನನ್ನ ತಕರಾರು ಇರುವುದು ಅಲ್ಲೇ. ನಮ್ಮ ಊರಿನ ಮುಖ್ಯ ರಸ್ತೆಯ ಹೆಸರು ಪಿ.ಬಿ. ರಸ್ತೆ. ಪೂನಾ–ಬೆಂಗಳೂರು ರಸ್ತೆ ಎಂದು ಬಿಡಿಸಿ ಹೇಳುವವರು ಈಗ ಕಡಿಮೆ. ಆದರೆ ಈ ಊರು ಹತ್ತಿಯಿಂದ ಬೆಳೆದದ್ದು, ಗಿರಣಿಗಳು ಓಡುತ್ತಿದ್ದಾಗ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡದ್ದು, ಆ ಎರಡೂ ದಿಕ್ಕಿನ ವ್ಯವಹಾರದಿಂದ. ಗಿರಣಿಗಳು ಮುಚ್ಚಿದ ಮೇಲೂ ಬಟ್ಟೆಯ ವ್ಯಾಪಾರ ನಿಂತಿಲ್ಲ. ನಾನು ಸೀರೆಗೆ ಸೂರತ್‌ಗೆ ಹೋಗಬೇಕು, ಶರ್ಟಿನ ಬಟ್ಟೆಗೆ ಭಿವಂಡಿಗೆ, ಇಚಲಕರಂಜಿಗೆ ಹೋಗಬೇಕು. ಬೆಂಗಳೂರಿನಲ್ಲಿ ನನಗೆ ಇರುವ ಕೆಲಸವೆಂದರೆ ತಂಗಿಯ ಮನೆಯ ಊಟ. ನಿಮ್ಮ ನಕ್ಷೆಯಲ್ಲಿ ‘ಬಿ’ ದೊಡ್ಡದಾಗಿ ಕಾಣುತ್ತದೆ, ‘ಪಿ’ ಎಲ್ಲೂ ಕಾಣುವುದಿಲ್ಲ.

ಬೆಂಗಳೂರಿನ ಲೆಕ್ಕವನ್ನೇ ಮೊದಲು ಮುಗಿಸಿಬಿಡುತ್ತೇನೆ. ಇಲ್ಲಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ನಮ್ಮಲ್ಲಿ ನಿಲ್ಲುತ್ತದೆ. ನಾಲ್ಕು ಗಂಟೆಯೊಳಗೆ ಮೆಜೆಸ್ಟಿಕ್ ಮುಟ್ಟಿಸುತ್ತದೆ. ಚಿತ್ರದುರ್ಗದ ಮೂಲಕ ತುಮಕೂರಿಗೆ ನೇರ ಹಳಿ ಮುಗಿದರೆ ಅರಸೀಕೆರೆಯ ಸುತ್ತು ತಪ್ಪಿ ಹೊತ್ತು ಇನ್ನೂ ಇಳಿಯುತ್ತದೆ. ಇನ್ನು ವಿಮಾನ: ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ಅಲ್ಲಿ ಕಾಯುವುದು ಒಂದು ಗಂಟೆ, ಹಾರುವುದು ಮುಕ್ಕಾಲು ಗಂಟೆಯ ಮೇಲೆ, ಇಳಿದು ಪೆಟ್ಟಿಗೆ ಹಿಡಿದು ಹೊರಬರುವುದಕ್ಕೆ ಕಾಲು ಗಂಟೆ, ದೇವನಹಳ್ಳಿಯಿಂದ ಊರೊಳಗೆ ಒಂದರಿಂದ ಒಂದೂವರೆ ಗಂಟೆ. ಕೂಡಿಸಿದರೆ ಅದೇ ನಾಲ್ಕು ಗಂಟೆ. ಖರ್ಚು ಮಾತ್ರ ಅದೇ ಅಲ್ಲ. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರಿಗೆ ಅನುಕೂಲವಾದೀತು, ಒಪ್ಪುತ್ತೇನೆ. ಆದರೆ ಅವರನ್ನೇ ನೇರವಾಗಿ ಅಲ್ಲಿಗೇ ಕರೆದೊಯ್ಯಬಹುದಲ್ಲ?

ಆಕಾಶ ಮಾರ್ಗದಲ್ಲಿ ದಾವಣಗೆರೆಯಿಂದ ಮುಂಬೈ ಹೆಚ್ಚುಕಡಿಮೆ 600 ಕಿಲೋಮೀಟರ್, ಹೈದರಾಬಾದ್ 400. ಇಂಥ ದೂರಕ್ಕೇ ಸಣ್ಣ ಜೆಟ್ ವಿಮಾನ ಹುಟ್ಟಿರುವುದು. ಬೆಂಗಳೂರಿನಂಥ ಹತ್ತಿರದ ಊರಿಗೆ ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ಸಾಕು. ಜೆಟ್ ಹಾರಿಸಿದರೆ ಉಳಿಯುವುದು ಹತ್ತು ನಿಮಿಷ, ಉರಿಯುವ ಎಣ್ಣೆ ಬಹಳ. ಮುಂಬೈಗಾದರೆ ಗಂಟೆಗೆ 500 ಕಿಲೋಮೀಟರಿನ ಎಟಿಆರ್‌ಗೂ 800ರ ಜೆಟ್ಟಿಗೂ ಅರ್ಧ ಗಂಟೆಯ ವ್ಯತ್ಯಾಸ ಬೀಳುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಮರಳಬೇಕೆನ್ನುವವನಿಗೆ ಹೋಗುತ್ತಾ ಅರ್ಧ, ಬರುತ್ತಾ ಅರ್ಧ ಗಂಟೆ ದೊಡ್ಡದೇ.

ಈಗ ನಾನು ಮುಂಬೈಗೆ ಹೋಗುವ ಬಗೆ ಕೇಳಿ. ರಾತ್ರಿ ಹತ್ತೂವರೆಗೆ ಪಿ.ಬಿ. ರಸ್ತೆಯಲ್ಲಿ ಸ್ಲೀಪರ್ ಬಸ್ ಹತ್ತುತ್ತೇನೆ. ಬೆಳಗಿನ ಜಾವ ನೆಲಮಂಗಲದ ಆಸುಪಾಸಿನಲ್ಲಿ ಇಳಿದು, ಟ್ಯಾಕ್ಸಿ ಹಿಡಿದು, ದೇವನಹಳ್ಳಿ ಸೇರುತ್ತೇನೆ. ಅಲ್ಲಿಂದ ಹಾರಿದ ವಿಮಾನ ಉತ್ತರಕ್ಕೆ ತಿರುಗುತ್ತದೆ. ರಾತ್ರಿಯಿಡೀ ದಕ್ಷಿಣಕ್ಕೆ ಬಂದ ಹಾದಿಯನ್ನೆಲ್ಲ ಹಿಂದಕ್ಕೆ ಹೋಗಬೇಕು. ಕಿಟಕಿಯಿಂದ ಕೆಳಗೆ ನೋಡಿದಾಗಲೆಲ್ಲ, ನಮ್ಮ ಮನೆಯ ಮಾಳಿಗೆಯ ಮೇಲೇ ಹೋಗುತ್ತಿದ್ದೇನೋ ಏನೋ ಎಂದು ಅನ್ನಿಸಿ ನಗು ಬರುತ್ತದೆ. ಹುಬ್ಬಳ್ಳಿ ನಮಗೆ 150 ಕಿಲೋಮೀಟರ್. ಸಮಯ ಹೊಂದಿದರೆ ಅಲ್ಲಿಂದಲೂ ಹೋಗಿದ್ದೇನೆ. ಹೊಂದುವುದೇ ಅಪರೂಪ.

ಈ ದಾರಿಯಲ್ಲಿ ನಾನೊಬ್ಬನೇ ಇಲ್ಲ. 2011ರ ಜನಗಣತಿಯಂತೆ ಈ ಊರಿನಲ್ಲಿ ಸುಮಾರು 4.35 ಲಕ್ಷ ಜನರಿದ್ದರು. ಮೆಕ್ಕೆಜೋಳದ ಮಂಡಿಯವರು, ಅಕ್ಕಿ ಗಿರಣಿಯವರು, ಚನ್ನಗಿರಿಯ ಅಡಿಕೆಯವರು ಇದ್ದಾರೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ನಡೆಯುತ್ತಿದೆ. ಆಮೇಲೆ ಬಂದ ವೈದ್ಯಕೀಯ, ದಂತ, ಎಂಜಿನಿಯರಿಂಗ್ ಕಾಲೇಜುಗಳನ್ನೂ ಸೇರಿಸಿದರೆ ಉತ್ತರದ ರಾಜ್ಯಗಳಿಂದ ಬಂದು ಓದುವ ಮಕ್ಕಳು ಎಷ್ಟೊಂದು! ರಜೆ ಶುರುವಾದ ದಿನ ರಾತ್ರಿ ಬಸ್ ನಿಲ್ದಾಣದಲ್ಲಿ ನಿಂತರೆ ಹಿಂದಿಯೇ ಹೆಚ್ಚು ಕಿವಿಗೆ ಬೀಳುತ್ತದೆ. ಇವರೆಲ್ಲ ದೇವನಹಳ್ಳಿಯಲ್ಲಿ ವಿಮಾನ ಹತ್ತುವುದರಿಂದ ನಿಮ್ಮ ಪುಸ್ತಕದಲ್ಲಿ ಬೆಂಗಳೂರಿನ ಪ್ರಯಾಣಿಕರು. ದಾವಣಗೆರೆಯ ಲೆಕ್ಕದಲ್ಲಿ ಸೊನ್ನೆ. ನನ್ನ ಗಿರಾಕಿ ಪಕ್ಕದ ಅಂಗಡಿಯಲ್ಲಿ ಬಿಲ್ ಮಾಡಿಸಿದರೆ ನನಗೆ ಗಿರಾಕಿಯೇ ಇಲ್ಲ ಎಂದು ಬರೆದುಕೊಂಡ ಹಾಗೆ.

ಇನ್ನು ವಿಮಾನದ ಗಾತ್ರ. ದಿನಕ್ಕೆ ಮೂವತ್ತು ಜನ ಮುಂಬೈಗೆ ಹೋಗುತ್ತಾರೆ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. 180 ಸೀಟಿನ ಏರ್‌ಬಸ್ ತಂದರೆ ಆರರಲ್ಲಿ ಐದು ಸೀಟು ಖಾಲಿ. ಎರಡನೇ ತಿಂಗಳಿಗೆ ಕಂಪನಿ ಕೈಮುಗಿಯುತ್ತದೆ. 76 ಸೀಟಿನ ಎಂಬ್ರೇಯರ್ 175 ಎಂಬ ಸಣ್ಣ ಜೆಟ್ ತಂದರೆ ಶೇ 40ರ ಹತ್ತಿರ ತುಂಬುತ್ತದೆ. 50 ಸೀಟಿನ ಎಂಬ್ರೇಯರ್ 145 ಆದರೆ ಶೇ 60. ಹಾಗೆಂದು ಸಣ್ಣದೇ ಲಾಭವೆಂದೂ ಅಲ್ಲ. ಸಣ್ಣ ಜೆಟ್ಟಿನಲ್ಲೂ ಪೈಲಟ್‌ಗಳು ಇಬ್ಬರು ಇರಲೇಬೇಕು, ಎಂಜಿನ್ ಎರಡು ಇರಲೇಬೇಕು. ಆ ಖರ್ಚನ್ನು ಐವತ್ತೇ ಜನ ಹಂಚಿಕೊಳ್ಳಬೇಕು. ಐವತ್ತು ಸೀಟಿನ ಜೆಟ್‌ಗಳನ್ನು ಈಗ ಹೊಸದಾಗಿ ತಯಾರಿಸುತ್ತಲೂ ಇಲ್ಲ, ಹಾರುತ್ತಿರುವುದೆಲ್ಲ ಹಳೆಯವು. 76 ಎಂಬ ಸಂಖ್ಯೆಯೂ ದೇವರು ಬರೆದದ್ದಲ್ಲ: ಅಮೆರಿಕದ ದೊಡ್ಡ ಕಂಪನಿಗಳು ತಮ್ಮ ಪೈಲಟ್ ಸಂಘಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಉಪ ಕಂಪನಿಗಳು ಹಾರಿಸುವ ವಿಮಾನಕ್ಕೆ ಹಾಕಿದ ಮಿತಿ ಅದು. ಅಲ್ಲಿಯ ಜಗಳದ ಅಳತೆಗೆ ಹೊಲಿದ ಅಂಗಿಯನ್ನು ಇಲ್ಲಿ ನಾವೂ ತೊಡುತ್ತಿದ್ದೇವೆ. ಅದೃಷ್ಟಕ್ಕೆ ಅದು ನಮ್ಮ ಮೈಗೆ ಕೂರುತ್ತದೆ.

ಮೈಗೆ ಕೂರುವ ಮಾತು ಬಂದದ್ದರಿಂದ ಹೇಳುತ್ತೇನೆ. ನನಗೆ ಮೀಟರಿಗಿಂತ ಮೊಳ ಬೇಗ ತಲೆಗೆ ಹತ್ತುತ್ತದೆ. ಎಂಬ್ರೇಯರ್ 145ರ ಒಳಗಿನ ಎತ್ತರ 1.82 ಮೀಟರ್, ಅಂದರೆ ನಾಲ್ಕು ಮೊಳ. ಅಗಲ 2.10 ಮೀಟರ್, ನಾಲ್ಕೂವರೆ ಮೊಳ. ಎತ್ತರದ ಆಳು ಅದರಲ್ಲಿ ನಡೆಯುವುದು ನಮ್ಮ ಅಂಗಡಿಯ ಅಟ್ಟದಲ್ಲಿ ಥಾನು ಹುಡುಕುವ ಹುಡುಗನಂತೆ, ತಲೆ ಬಗ್ಗಿಸಿಕೊಂಡೇ. ಆದರೂ ಆ ವಿಮಾನ ನನಗೆ ಇಷ್ಟ. ಓಣಿಯ ಒಂದು ಬದಿಗೆ ಒಂಟಿ ಸೀಟು, ಇನ್ನೊಂದು ಬದಿಗೆ ಜೋಡಿ. ಒಂಟಿ ಸೀಟು ಸಿಕ್ಕರೆ ಕಿಟಕಿಯೂ ನಿಮ್ಮದೇ, ಓಣಿಯೂ ನಿಮ್ಮದೇ, ಪಕ್ಕದವರ ಮೊಣಕೈಯ ಕಾಟವಿಲ್ಲ. ಎಂಜಿನ್ ಬಾಲದ ಹತ್ತಿರ ಇರುವುದರಿಂದ ಮುಂದೆ ಕೂತವರಿಗೆ ಸದ್ದು ಕಡಿಮೆ, ಹಿಂದೆ ಕೂತವರಿಗೆ ಹಿಟ್ಟಿನ ಗಿರಣಿ. ಎಟಿಆರ್‌ನಲ್ಲಿ ತಿರುವುಮುರುವು: ಪಂಖ ತಿರುಗುವ ಜಾಗ ಮುಂದಿನ ಸಾಲುಗಳ ಪಕ್ಕ, ಹತ್ತುವ ಬಾಗಿಲು ಹಿಂದೆ. ಮೊದಲ ಸಾಲು ಸಿಕ್ಕಿತೆಂದು ಹಿಗ್ಗಿದವನು ಇಳಿಯುವಾಗ ಕೊನೆಯವನಾಗುತ್ತಾನೆ.

ಎಂಬ್ರೇಯರ್ 175 ಆರು ಮೊಳ ಅಗಲ, ಎರಡು ಮೀಟರ್ ಎತ್ತರ. ಎರಡು–ಎರಡು ಸೀಟು, ನಡುವಿನ ಸೀಟು ಎಂಬುದೇ ಇಲ್ಲ. ದೊಡ್ಡ ವಿಮಾನದ ನಡುಸೀಟಿನಲ್ಲಿ ಎರಡು ಗಂಟೆ ಕೈ ಮಡಚಿ ಕೂತವರಿಗೆ ಇದರ ಬೆಲೆ ಗೊತ್ತು. ‘ಸಣ್ಣ ಊರಿಗೆ ಸಣ್ಣ ವಿಮಾನ’ ಎಂದು ಮುಖ ಸಿಂಡರಿಸುವ ನಮ್ಮವರಿಗೆ ನಾನು ಹೇಳುವುದು ಇದನ್ನೇ: ಕೂರುವ ಸುಖದಲ್ಲಿ ಈ ಸಣ್ಣದು ದೊಡ್ಡದಕ್ಕಿಂತ ಒಂದು ಕೈ ಮೇಲು.

ಎಲ್ಲ ಸಣ್ಣ ಜೆಟ್‌ಗಳೂ ಹೀಗಿಲ್ಲ. ಅಮೆರಿಕದಲ್ಲಿರುವ ನನ್ನ ಮಗಳು ಅಲ್ಲಿಯ ಸಣ್ಣ ಊರಿಗೆ ಸಿಆರ್‌ಜೆ 200 ಎಂಬ ಐವತ್ತು ಸೀಟಿನ ವಿಮಾನದಲ್ಲಿ ಓಡಾಡುತ್ತಿದ್ದಳು. ಅದರ ಕಿಟಕಿ ಎಷ್ಟು ಕೆಳಗಿದೆಯೆಂದರೆ ಹೊರಗೆ ನೋಡಲು ನಮಸ್ಕಾರ ಮಾಡುವವರಂತೆ ಬಾಗಬೇಕಂತೆ. ಕೈಪೆಟ್ಟಿಗೆ ಮೇಲಿನ ಗೂಡಿನಲ್ಲಿ ಹಿಡಿಸದೆ ಬಾಗಿಲಲ್ಲೇ ಕೊಟ್ಟು, ಇಳಿದ ಮೇಲೆ ಮತ್ತೆ ಅದಕ್ಕಾಗಿ ಕಾಯಬೇಕಂತೆ. ಈ ಗೋಳು ಅಲ್ಲಿಯ ಕಂಪನಿಗಳಿಗೂ ಮುಟ್ಟಿತು. ಯುನೈಟೆಡ್ 2019ರಲ್ಲಿ ಎಪ್ಪತ್ತು ಸೀಟಿನ ಸಿಆರ್‌ಜೆ ವಿಮಾನಗಳಲ್ಲಿ ಐವತ್ತೇ ಸೀಟು ಉಳಿಸಿ, ಮಿಕ್ಕ ಜಾಗದಲ್ಲಿ ಪೆಟ್ಟಿಗೆ ಇಡುವ ಕಪಾಟು ಮಾಡಿಸಿ ಹಾರಿಸತೊಡಗಿತು. ಸೀಟು ಕಿತ್ತು ಜಾಗ ಬಿಡುವ ವ್ಯಾಪಾರಿ ನಮ್ಮ ಪೇಟೆಯಲ್ಲಿ ಸಿಕ್ಕುವುದು ಕಷ್ಟ.

ಆದರೆ ಸುಖವೆಂದರೆ ಸೀಟು ಒಂದೇ ಅಲ್ಲವಲ್ಲ. ನನ್ನ ಹೆಂಡತಿಗೆ ಎರಡೂ ಮಂಡಿ ನೋವು. ಸಣ್ಣ ನಿಲ್ದಾಣದಲ್ಲಿ, ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ನಡೆದು ಹೋಗುವ ಏರೋಬ್ರಿಡ್ಜ್ ಇರುವುದಿಲ್ಲ. ಬಿಸಿಲಲ್ಲಿ ಡಾಂಬರಿನ ಮೇಲೆ ನಡೆದು, ಕಡಿದಾದ ಮೆಟ್ಟಿಲು ಹತ್ತಬೇಕು. ವಿಮಾನದೊಳಗೆ ಅವಳು ಪಟ್ಟ ಸುಖವನ್ನೆಲ್ಲ ಆ ಮೆಟ್ಟಿಲು ಕಸಿದುಕೊಂಡಿತು. ಗಾಲಿಕುರ್ಚಿಯನ್ನು ವಿಮಾನದ ಬಾಗಿಲಿನವರೆಗೆ ಎತ್ತುವ ಆಂಬುಲಿಫ್ಟ್ ವಾಹನ ಇದ್ದರೆ ಆಸ್ಪತ್ರೆಗೆಂದು ಪ್ರಯಾಣ ಮಾಡುವ ಎಷ್ಟೋ ಜನ ವಿಮಾನವನ್ನು ಆರಿಸಿಕೊಳ್ಳುತ್ತಾರೆ. ನಿಲ್ದಾಣ ಕಟ್ಟುವಾಗ ಮುಂಭಾಗದ ಗಾಜಿಗೆ, ಶಿಲ್ಪಕ್ಕೆ ಸುರಿಯುವ ದುಡ್ಡಿನಲ್ಲಿ ಮೊದಲು ಇದನ್ನು ತನ್ನಿ.

ಈಗ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ಸಣ್ಣ ನಿಲ್ದಾಣದಿಂದ ಟಿಕೆಟ್ ತೆಗೆಸಿದ್ದೆ. ಹೊರಡುವ ಹಿಂದಿನ ದಿನ ಸಂಜೆ ಮೊಬೈಲಿಗೆ ಒಂದು ಸಾಲಿನ ಸಂದೇಶ: ಹಾರಾಟ ರದ್ದು. ಸೂರತ್ತಿನವರಿಗೆ ಮಾತು ಕೊಟ್ಟಿದ್ದೆ. ರಾತ್ರೋರಾತ್ರಿ ಬೆಂಗಳೂರಿಗೆ ಓಡಿ, ಎರಡು ಪಟ್ಟು ಬೆಲೆಗೆ ಬೇರೆ ಟಿಕೆಟ್ ತೆಗೆದುಕೊಂಡೆ. ಆರು ತಿಂಗಳ ಮೇಲೆ ಮತ್ತೊಮ್ಮೆ ಧೈರ್ಯ ಮಾಡಿದೆ. ಈ ಸಲ ನಿಲ್ದಾಣದವರೆಗೂ ಹೋದೆ. ಮಂಜು ಕವಿದಿದೆ, ಬರಬೇಕಾದ ವಿಮಾನ ಇಳಿಯಲಾಗದೆ ಹಿಂದಿರುಗಿತು ಎಂದರು. ಮಂಜಿಗೆ ಯಾರೂ ಹೊಣೆಯಲ್ಲ. ಆದರೆ ಮುಂದಿನ ವಿಮಾನ ಯಾವಾಗ ಎಂದು ಕೇಳಿದರೆ ನಾಡಿದ್ದು ಎಂಬ ಉತ್ತರ ಬಂತು. ಮೂರನೇ ಸಲಕ್ಕೆ ನಾನು ಹೋಗಲಿಲ್ಲ. ಆ ವಿಮಾನದಲ್ಲಿ ಒಂದು ಸೀಟು ಖಾಲಿ ಹೋಗಿರಬೇಕು. ಕಂಪನಿಯ ಲೆಕ್ಕದಲ್ಲಿ ಅದು ‘ಬೇಡಿಕೆ ಇಲ್ಲ’ ಎಂದು ದಾಖಲಾಗಿರುತ್ತದೆ.

ನನ್ನ ತಂದೆ ಜಡಿಮಳೆಯ ದಿನವೂ ಒಂಬತ್ತೂವರೆಗೆ ಬಾಗಿಲು ತೆಗೆಯುತ್ತಿದ್ದರು. ‘ಇಂಥ ಮಳೆಯಲ್ಲಿ ಯಾರು ಬರುತ್ತಾರೆ’ ಎಂದು ನಾನು ಗೊಣಗಿದರೆ, ಯಾರೂ ಬರುವುದಿಲ್ಲ, ಆದರೆ ಬಾಗಿಲು ಹಾಕಿದ್ದನ್ನು ಒಬ್ಬ ನೋಡಿದರೂ ಹತ್ತು ಜನರಿಗೆ ಹೇಳುತ್ತಾನೆ ಎನ್ನುತ್ತಿದ್ದರು. ಸಣ್ಣ ಊರುಗಳಿಗೂ ಅಗ್ಗದ ವಿಮಾನ ಮುಟ್ಟಿಸಲು ತಂದ ನಿಮ್ಮ ಉಡಾನ್ ಯೋಜನೆ ಎಡವಿದ್ದು ಬಹುಪಾಲು ಈ ಬಾಗಿಲಲ್ಲೇ ಎಂದು ನನಗೆ ತೋರುತ್ತದೆ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ಮೊದಲ ವಿಮಾನ ಹಾರಿದಾಗ, ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ ಎಂದು ಕೇಳಿ ನಮ್ಮ ಬೀದಿಯಲ್ಲಿ ಎಲ್ಲರೂ ಹುಬ್ಬೇರಿಸಿದ್ದೆವು. ಆ ದರ ಸುಮಾರು ಅರ್ಧ ಸೀಟುಗಳಿಗೆ ಮಾತ್ರ, ಕಂಪನಿಯ ನಷ್ಟ ತುಂಬುವ ಹಣ ಮೂರೇ ವರ್ಷ ಎಂಬುದು ಆಮೇಲೆ ತಿಳಿಯಿತು. 2023ರಲ್ಲಿ ಮಹಾಲೇಖಪಾಲರ ವರದಿ ಬಂತು. ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸರ್ಕಾರದ ಹಣ ನಿಂತ ಮೇಲೂ 2023ರ ಮಾರ್ಚ್ ವೇಳೆಗೆ ಹಾರುತ್ತಿದ್ದದ್ದು 54. ಜವಳಿ ಅಂಗಡಿಯ ಲೆಕ್ಕ ಹೀಗಿದ್ದಿದ್ದರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಿದ್ದರು.

ದೂರ ಹೋಗಬೇಕಿಲ್ಲ, ನಮ್ಮ ಬೀದರ್ ನೋಡಿ. 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಹೀಗೆ ಕಣ್ಣಾಮುಚ್ಚಾಲೆ ಆಡಿದರೆ ಅಲ್ಲಿಯ ಜನ ಹೈದರಾಬಾದಿನ ದಾರಿ ಬಿಡುತ್ತಾರೆಯೇ? 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹುಬ್ಬಳ್ಳಿ–ಬೆಂಗಳೂರು ನಡುವೆ ಎಟಿಆರ್ ಹಾರಿಸಿದಾಗಲೂ ‘ಇಲ್ಲಿ ಯಾರು ಹತ್ತುತ್ತಾರೆ’ ಎಂದವರಿದ್ದರು. ಆ ಕಂಪನಿ ಉಳಿಯಲಿಲ್ಲ ನಿಜ. ಹುಬ್ಬಳ್ಳಿಯ ಜನಕ್ಕೆ ಹಿಡಿದ ವಿಮಾನದ ರೂಢಿ ಉಳಿಯಿತು.

ಹಾಗಾದರೆ ನಮ್ಮ ಊರಿಗೆ ನಿಲ್ದಾಣ ಬೇಡವೇ? ಹೀಗೆ ಕೇಳಿ ನನ್ನ ಮೇಲೆ ಮುನಿಸಿಕೊಳ್ಳುವವರು ಚೌಕಿಪೇಟೆಯಲ್ಲೇ ಇದ್ದಾರೆ. ಬೇಕು. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಾದರೆ ಕೂಸಿನ ತಲೆಯ ಅಳತೆಯಾದರೂ ಗೊತ್ತಿರಲಿ. ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ವಿಮಾನ ಇಳಿಯುತ್ತಿದೆ. 3,200 ಮೀಟರಿನ ರನ್‌ವೇ. ದೊಡ್ಡ ಏರ್‌ಬಸ್ ಕೂಡ ಆರಾಮಾಗಿ ಇಳಿಯುವಷ್ಟು ಉದ್ದ. ನಮ್ಮ ಊರಿನಿಂದ ಅದು ನೂರು ಕಿಲೋಮೀಟರಿನ ಆಸುಪಾಸು. ನಾನು ಹೋದ ಸಲವೆಲ್ಲ ಬಾಡಿಗೆ ಕಾರಿನಲ್ಲೇ ಹೋದೆ, ಕಾರಿನ ಬಾಡಿಗೆ ಕೊಡುವಾಗ ಟಿಕೆಟ್ಟಿನ ಅಗ್ಗದ ಸುಖವೆಲ್ಲ ಇಳಿದುಹೋಯಿತು. ವಿಮಾನದ ಹೊತ್ತಿಗೆ ಹೊಂದಿಸಿ ಇಲ್ಲಿಂದ ಒಂದು, ಚಿತ್ರದುರ್ಗದಿಂದ ಒಂದು ಬಸ್ ಬಿಡಿ. ವಿಮಾನ ತಡವಾದರೆ ಬಸ್ಸೂ ಕಾಯಲಿ. ಎರಡು ವರ್ಷ ಅದರಲ್ಲಿ ಹತ್ತಿದವರನ್ನು ಎಣಿಸಿದರೆ, ದಾವಣಗೆರೆಗೆ ಪ್ರತ್ಯೇಕ ರನ್‌ವೇ ಬೇಕೋ ಬೇಡವೋ ಎಂಬುದಕ್ಕೆ ನೂರು ಪುಟದ ವರದಿಗಿಂತ ಗಟ್ಟಿಯಾದ ಉತ್ತರ ಸಿಗುತ್ತದೆ.

ಚಿತ್ರದುರ್ಗದ ಹೆಸರು ಬಂದದ್ದರಿಂದ ಒಂದು ಪಕ್ಕದ ಮಾತು. ನನ್ನ ಭಾಮೈದ ಚಳ್ಳಕೆರೆಯವನು, ಶೇಂಗಾ ಎಣ್ಣೆಯ ವ್ಯಾಪಾರ. ಅವನ ತಾಲ್ಲೂಕಿನಲ್ಲಿ ರನ್‌ವೇ ಆಗಲೇ ಇದೆ: ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಸಂಸ್ಥೆ 2017ರಲ್ಲಿ ತೆರೆದ ಪರೀಕ್ಷಾ ಕೇಂದ್ರದ್ದು. ಅಲ್ಲಿ ಹಾರುವುದು ಚಾಲಕರಿಲ್ಲದ ವಿಮಾನಗಳು. 2023ರ ಆಗಸ್ಟ್‌ನಲ್ಲಿ ಅಂಥದ್ದೊಂದು ಹಿರಿಯೂರು ತಾಲ್ಲೂಕಿನ ಹೊಲಕ್ಕೆ ಬಿದ್ದಾಗ ಅವನು ಫೋನ್ ಮಾಡಿ, ‘ಭಾವ, ನಮ್ಮ ಜಿಲ್ಲೆಯಲ್ಲಿ ಆಳಿಲ್ಲದ ವಿಮಾನ ಇದೆ, ವಿಮಾನವಿಲ್ಲದ ಆಳುಗಳೂ ಇದ್ದೇವೆ, ಇಬ್ಬರನ್ನೂ ಸೇರಿಸುವವರು ಯಾರು’ ಎಂದಿದ್ದ. ದೇಶದ ರಕ್ಷಣೆಯ ಕೆಲಸದ ಜಾಗವನ್ನು ನಮಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಅವನ ಮಾತು ನಿಮ್ಮ ಕಿವಿಗೂ ಬೀಳಲಿ ಎಂದು ಬರೆದೆ, ಅಷ್ಟೇ.

2025ರ ಬಜೆಟ್‌ನಲ್ಲಿ ಉಡಾನ್ ಯೋಜನೆಯನ್ನು ಮಾರ್ಪಡಿಸಿ, ಹತ್ತು ವರ್ಷಗಳಲ್ಲಿ 120 ಹೊಸ ಊರುಗಳಿಗೆ ವಿಮಾನ ಮುಟ್ಟಿಸುವುದಾಗಿ ಹೇಳಿದ್ದೀರಿ. ಆ ಪಟ್ಟಿ ಬರೆಯುವ ಮುಂಚೆ ನನ್ನದೊಂದು ಕೋರಿಕೆ. ಮಾರ್ಗ ಪಡೆದ ಕಂಪನಿ ವಾರಕ್ಕೆ ಮೂರು ದಿನ ತನಗೆ ಅನುಕೂಲವಾದ ಹೊತ್ತಿನಲ್ಲಿ ಬಂದು ಹೋಗುವುದನ್ನು ಒಪ್ಪಬೇಡಿ. ನನ್ನ ಕೈಯಲ್ಲಿದ್ದಿದ್ದರೆ ಸಹಾಯಧನವನ್ನು ಖಾಲಿ ಸೀಟಿಗೆ ಕೊಡುವುದರ ಬದಲು ಹೊತ್ತಿಗೆ ಸರಿಯಾಗಿ ಹಾರಿದ ದಿನಕ್ಕೆ ಕೊಡುತ್ತಿದ್ದೆ. ವಿಮಾನ ರದ್ದಾದರೆ ಮುಂದಿನ ದೊಡ್ಡ ನಿಲ್ದಾಣಕ್ಕೆ ಪ್ರಯಾಣಿಕರನ್ನು ಮುಟ್ಟಿಸುವ ಕಾರು, ಅಲ್ಲಿಂದ ಹಾರುವ ಟಿಕೆಟ್ಟು ಎರಡೂ ಕಂಪನಿಯ ಖರ್ಚಿನಲ್ಲೇ ಆಗಲಿ. ದಿಕ್ಕಿನ ವಿಷಯ ಆಗಲೇ ಹೇಳಿದ್ದೇನೆ: ಮೊದಲು ಮುಂಬೈ, ಆಮೇಲೆ ಹೈದರಾಬಾದ್. ದೆಹಲಿ ದೂರದ ಮಾತು, ಅದಕ್ಕೆ ದೊಡ್ಡ ವಿಮಾನ ತುಂಬುವ ಜನ ಬೇಕು.

ನಿಮ್ಮ ಅಧಿಕಾರಿಗಳನ್ನು ಎಣಿಕೆಗೆ ಕಳುಹಿಸುವುದಾದರೆ ಹಗಲು ಹೊತ್ತು ಜಿಲ್ಲಾಧಿಕಾರಿ ಕಚೇರಿಗೆ ಕಳುಹಿಸಬೇಡಿ. ಭಾನುವಾರ ರಾತ್ರಿ ಹತ್ತರಿಂದ ಹನ್ನೊಂದೂವರೆಯವರೆಗೆ ಪಿ.ಬಿ. ರಸ್ತೆಯಲ್ಲಿ ನಿಂತು, ಚಕ್ರದ ಪೆಟ್ಟಿಗೆ ಎಳೆದುಕೊಂಡು ಬೆಂಗಳೂರಿನ ಬಸ್ ಹತ್ತುವ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಲಿ: ಬೆಂಗಳೂರಿನಿಂದ ಮುಂದೆ ಎಲ್ಲಿಗೆ? ನನ್ನ ಅಂಗಡಿ ಒಂಬತ್ತಕ್ಕೆ ಮುಚ್ಚುತ್ತದೆ. ಪುಸ್ತಕ, ಪೆನ್ನು ಹಿಡಿದು ನಾನೂ ಬಂದು ನಿಲ್ಲುತ್ತೇನೆ. ಮಂಡಕ್ಕಿ, ಮೆಣಸಿನಕಾಯಿಯ ಖರ್ಚು ನನ್ನದು.

ಇತಿ ತಮ್ಮ ವಿಶ್ವಾಸಿ,
ಚೌಕಿಪೇಟೆಯ ಒಬ್ಬ ಜವಳಿ ವ್ಯಾಪಾರಿ
ದಾವಣಗೆರೆ